ಓದಿದ್ದಕ್ಕೆ ಲೆಕ್ಕ ಕೊಡುವವರಾರು? ಎಸ್ಸೆಸ್ಸೆಲ್ಸಿ ನಂತರದ ಕ್ರೆಡಿಟ್‌ಗಳ ಕಥೆ-ವ್ಯಥೆ

ಬೆಂಗಳೂರು: ಮತ್ತಿಕೆರೆಯ ಓಣಿಗಳಲ್ಲಿ ಫಲಿತಾಂಶದ ಕಾಲ ಬಂತೆಂದರೆ ಜೆರಾಕ್ಸ್ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ. ಒಂದು ಕಡೆ ಎಂ.ಎಸ್. ರಾಮಯ್ಯ ತಾಂತ್ರಿಕ ಮಹಾವಿದ್ಯಾಲಯ, ಅದೇ ಸಮೂಹದ ಪಾಲಿಟೆಕ್ನಿಕ್. ಇನ್ನೊಂದು ಕಡೆ ಯಶವಂತಪುರ, ಜಾಲಹಳ್ಳಿಗಳ ಕಾರ್ಖಾನೆಗಳ ಸಾಲು. ಕಾಲೇಜು ಮತ್ತು ಕಾರ್ಖಾನೆಗಳ ನಡುವೆ ಬೆಳೆದ ಈ ಬಡಾವಣೆಯಲ್ಲಿ ಅಂಕಪಟ್ಟಿಯ ಪ್ರತಿ ಹಿಡಿದು ನಿಂತ ಹುಡುಗ ಹುಡುಗಿಯರ ಪೈಕಿ ಎರಡು ಬಗೆಯವರಿರುತ್ತಾರೆ. ಒಬ್ಬರು ಪಿಯುಸಿ ಮುಗಿಸಿ ಸಿಇಟಿ ಬರೆದವರು. ಇನ್ನೊಬ್ಬರು ಎಸ್ಸೆಸ್ಸೆಲ್ಸಿ ಆದೊಡನೆ ಪಾಲಿಟೆಕ್ನಿಕ್ ಸೇರಿ, ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಎಂಬ ಪ್ರತ್ಯೇಕ ಪ್ರವೇಶ ಪರೀಕ್ಷೆ ಬರೆದು, ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಕಾಲಿಡಲು ಬಂದವರು.

ಈ ಎರಡನೇ ಬಗೆಯವರ ಕೈಯಲ್ಲಿರುವುದು ಬರೀ ಅಂಕಪಟ್ಟಿಯಲ್ಲ. ಹದಿನೈದು-ಹದಿನಾರರ ವಯಸ್ಸಿನಿಂದಲೇ, ಅಂದರೆ ಓರಗೆಯವರು ಪ್ರೌಢ ಶಿಕ್ಷಣದ ಕೊನೆಯ ಘಟ್ಟದಲ್ಲಿರುವಾಗಲೇ, ಅವರು ಸಂಪಾದಿಸಿದ ತಾಂತ್ರಿಕ ಕ್ರೆಡಿಟ್‌ಗಳು ಅದರಲ್ಲಿವೆ. ವಿಶ್ವವಿದ್ಯಾಲಯದ ಬಾಗಿಲಲ್ಲಿ ಆ ಕ್ರೆಡಿಟ್‌ಗಳಿಗೆ ಬೆಲೆ ಎಷ್ಟು? ಯಾರು ತೂಗುತ್ತಾರೆ? ಯಾವ ತಕ್ಕಡಿಯಲ್ಲಿ? ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್, ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಎಂಬ ದೊಡ್ಡ ಮಾತುಗಳು ಕೇಳಿಬರುತ್ತಿರುವ ಈ ದಿನಗಳಲ್ಲಿ ಈ ಸಣ್ಣ ಪ್ರಶ್ನೆಗೆ ಉತ್ತರ ಹುಡುಕುವುದು ಅಗತ್ಯವಾಗಿದೆ.

ಎರಡು ದಾರಿ, ಆರು ವರ್ಷ

ಮೊದಲು ಸರಳ ಲೆಕ್ಕ ಹಾಕೋಣ. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಬಿಇ. ಒಟ್ಟು ಆರು ವರ್ಷ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ ಡಿಪ್ಲೊಮಾ, ಮೂರನೇ ಸೆಮಿಸ್ಟರ್‌ನಿಂದ ಬಿಇಗೆ ಪ್ರವೇಶ ಪಡೆದು ಮೂರು ವರ್ಷ. ಅದೂ ಆರೇ ವರ್ಷ. ಹೊರನೋಟಕ್ಕೆ ಯಾರಿಗೂ ಲಾಭವಿಲ್ಲ, ಯಾರಿಗೂ ನಷ್ಟವಿಲ್ಲ. ಡಿಪ್ಲೊಮಾ ದಾರಿ ಹಿಡಿದವರಿಗೆ ನಡುವೆ ಕೈಗೊಂದು ಪ್ರಮಾಣಪತ್ರ ಸಿಗುತ್ತದೆ. ಮನೆಯಲ್ಲಿ ತೊಂದರೆಯಾದರೆ ಹತ್ತೊಂಬತ್ತರ ವಯಸ್ಸಿಗೆ ದುಡಿಮೆಗೆ ಇಳಿಯಬಹುದು ಎಂಬ ಧೈರ್ಯ ಉಳಿಯುತ್ತದೆ. ಬಡ ಮತ್ತು ಕೆಳ ಮಧ್ಯಮ ವರ್ಗದ ಎಷ್ಟೋ ಕುಟುಂಬಗಳು ಈ ದಾರಿಯನ್ನು ಆರಿಸಿಕೊಳ್ಳುವುದಕ್ಕೆ ಇದೇ ಕಾರಣ.

ಆದರೆ ಈ ಲೆಕ್ಕದೊಳಗೆ ಇನ್ನೊಂದು ಲೆಕ್ಕ ಅಡಗಿದೆ. ಮೂರು ವರ್ಷದ ಡಿಪ್ಲೊಮಾದಲ್ಲಿ ಎರಡು ವರ್ಷವನ್ನು ಪಿಯುಸಿಗೆ ಸಮ ಎಂದು ಪರಿಗಣಿಸಿ, ಉಳಿದ ಒಂದು ವರ್ಷವನ್ನು ಮಾತ್ರ ಬಿಇ ಮೊದಲ ವರ್ಷಕ್ಕೆ ಸಮ ಎಂದು ಹಿಡಿದಂತಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದ ಪ್ರಕಾರ ಬಿಇ ಪದವಿಗೆ ಒಟ್ಟು 160 ಕ್ರೆಡಿಟ್ ಬೇಕು. ಮೊದಲ ಎರಡು ಸೆಮಿಸ್ಟರ್‌ಗಳ ಪಾಲು 40. ಡಿಪ್ಲೊಮಾ ಮುಗಿಸಿ ಬಂದವರು ಉಳಿದ 120 ಕ್ರೆಡಿಟ್ ಸಂಪಾದಿಸಿದರೆ ಸಾಕು. ಅಂದರೆ ಮೂರು ವರ್ಷದ ಓದಿಗೆ ಸಿಕ್ಕ ಬೆಲೆ 40 ಕ್ರೆಡಿಟ್.

ಇದನ್ನು ಅನ್ಯಾಯ ಎಂದು ಏಕಾಏಕಿ ಕರೆಯಲಾಗದು. ಹದಿನಾರರ ಹುಡುಗ ಕಲಿಯುವ ಭಾಷೆ, ಮೂಲ ವಿಜ್ಞಾನ, ಮೂಲ ಗಣಿತ ಪದವಿ ಮಟ್ಟದ್ದಲ್ಲ ಎಂಬುದು ಒಪ್ಪತಕ್ಕ ಮಾತೇ. ತೊಂದರೆ ಇರುವುದು ಕ್ರೆಡಿಟ್‌ಗಳ ಸಂಖ್ಯೆಯಲ್ಲಿ ಅಲ್ಲ, ಅವುಗಳನ್ನು ಕೊಡುವ ವಿಧಾನದಲ್ಲಿ.

ಇಡಿಗಂಟಿನ ವಿನಾಯಿತಿ

ಈಗಿನ ಪದ್ಧತಿಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗೆ ವಿನಾಯಿತಿ ಸಿಗುವುದು ಇಡಿಗಂಟಾಗಿ. ಬಿಇ ಮೊದಲ ವರ್ಷದ ಅಷ್ಟೂ ವಿಷಯಗಳನ್ನು ಒಟ್ಟಿಗೆ ಬಿಟ್ಟುಕೊಡಲಾಗುತ್ತದೆ. ಎರಡನೇ ವರ್ಷದಿಂದ ಅಷ್ಟೂ ವಿಷಯಗಳನ್ನು ಒಟ್ಟಿಗೆ ಹೊರಿಸಲಾಗುತ್ತದೆ. ಯಾವ ವಿಷಯವನ್ನು ಆತ ನಿಜವಾಗಿ ಕಲಿತಿದ್ದಾನೆ, ಯಾವುದನ್ನು ಕಲಿತಿಲ್ಲ ಎಂದು ಬಿಡಿಬಿಡಿಯಾಗಿ ನೋಡುವ ಏರ್ಪಾಡು ಇಲ್ಲ.

ಇದರ ಪರಿಣಾಮ ಎರಡು ದಿಕ್ಕಿನಲ್ಲಿ ಕಾಣುತ್ತದೆ. ಮೊದಲನೆಯದು ಗಣಿತ. ಬಿಇ ಮೊದಲ ವರ್ಷದ ಎರಡು ಸೆಮಿಸ್ಟರ್‌ಗಳಲ್ಲಿ ಕಲಿಸುವ ಕಲನಶಾಸ್ತ್ರ, ಅವಕಲ ಸಮೀಕರಣ, ರೇಖೀಯ ಬೀಜಗಣಿತಗಳ ಮೇಲೆಯೇ ಮೂರನೇ ಸೆಮಿಸ್ಟರ್‌ನ ಗಣಿತ ನಿಂತಿರುತ್ತದೆ. ಡಿಪ್ಲೊಮಾದ ಗಣಿತ ಇಷ್ಟು ದೂರ ಹೋಗುವುದಿಲ್ಲ. ಅದು ಕಾರ್ಯಾಗಾರದ ಅಗತ್ಯಕ್ಕೆ ತಕ್ಕಂತೆ ರೂಪಿಸಿದ್ದು. ಆದ್ದರಿಂದ ನೇರವಾಗಿ ಎರಡನೇ ವರ್ಷಕ್ಕೆ ಬಂದವರು ಮೊದಲು ಮುಗ್ಗರಿಸುವುದು ಇಲ್ಲಿಯೇ. ವಿಟಿಯು ಇದನ್ನು ಅರಿಯದೇ ಇಲ್ಲ. ಡಿಪ್ಲೊಮಾ ಮೂಲದ ವಿದ್ಯಾರ್ಥಿಗಳಿಗೆಂದೇ ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ಗಳಲ್ಲಿ ಹೆಚ್ಚುವರಿ ಗಣಿತ ಎಂಬ ಸೇತುಬಂಧ ವಿಷಯಗಳನ್ನು ಅದು ಇಟ್ಟಿತು. ಅವುಗಳಿಗೆ ಕ್ರೆಡಿಟ್ ಇಲ್ಲ, ಆದರೆ ಉತ್ತೀರ್ಣರಾಗಲೇಬೇಕು. ಅಂದರೆ ಮೂರನೇ ಸೆಮಿಸ್ಟರ್‌ನ ಪೂರ್ಣ ಹೊರೆಯ ಜೊತೆಗೆ ಲೆಕ್ಕಕ್ಕೆ ಬಾರದ ಇನ್ನೊಂದು ಹೊರೆ. ಮನೆ ಕಟ್ಟುತ್ತಾ ಅದೇ ಹೊತ್ತಿನಲ್ಲಿ ತಳಪಾಯ ತೋಡು ಎಂದಂತೆ ಇದು.

ಎರಡನೆಯದು ಇದಕ್ಕೆ ತದ್ವಿರುದ್ಧ. ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಾಡಿದವರು ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಡೇಟಾಬೇಸ್‌ಗಳ ಪರಿಚಯವನ್ನು ಪಾಲಿಟೆಕ್ನಿಕ್‌ನಲ್ಲೇ ಮಾಡಿಕೊಂಡಿರುತ್ತಾರೆ. ಸಿವಿಲ್ ಡಿಪ್ಲೊಮಾ ಮಾಡಿದವರು ಬಿಸಿಲಲ್ಲಿ ನಿಂತು ಸರ್ವೆ ಉಪಕರಣ ಹಿಡಿದಿರುತ್ತಾರೆ. ಬಿಇಯಲ್ಲಿ ಅದೇ ಹೆಸರಿನ, ಬಹುಪಾಲು ಅದೇ ವಸ್ತುವಿನ ವಿಷಯಗಳು ಮತ್ತೆ ಎದುರಾಗುತ್ತವೆ. ಪದವಿ ಮಟ್ಟದಲ್ಲಿ ಸಿದ್ಧಾಂತದ ಆಳ ಹೆಚ್ಚು ಎಂಬುದು ನಿಜ. ಆದರೆ ಪ್ರಯೋಗಾಲಯದ ಭಾಗವನ್ನಾದರೂ ಪರೀಕ್ಷಿಸಿ ವಿನಾಯಿತಿ ಕೊಡಬಹುದಲ್ಲವೇ ಎಂಬ ಪ್ರಶ್ನೆಗೆ ಈಗಿನ ನಿಯಮಗಳಲ್ಲಿ ಜಾಗವಿಲ್ಲ.

ಒಟ್ಟಿನಲ್ಲಿ, ತಿಳಿಯದ್ದನ್ನು ತಿಳಿದಿದ್ದಾನೆಂದು ಬಿಟ್ಟುಕೊಟ್ಟು, ತಿಳಿದದ್ದನ್ನು ತಿಳಿದಿಲ್ಲವೆಂದು ಮತ್ತೆ ಓದಿಸುವ ಪದ್ಧತಿ ಇದು. ಕ್ರೆಡಿಟ್ ಎಂಬ ಕಲ್ಪನೆ ಹುಟ್ಟಿದ್ದೇ ಇಂಥ ಇಡಿಗಂಟಿನ ವ್ಯವಹಾರವನ್ನು ಬಿಡಿಸಿ, ವಿಷಯವಾರು ತೂಗಲೆಂದು. ಹೆಸರು ಬಂದಿದೆ, ತಕ್ಕಡಿ ಬಂದಿಲ್ಲ.

ಒಂದು ವಿಚಿತ್ರವೆಂದರೆ, ಇದೇ ವಿಶ್ವವಿದ್ಯಾಲಯ ಬೇರೊಂದು ಕಡೆ ಬಿಡಿ ಲೆಕ್ಕ ಮಾಡಿರುವುದು. ಪದವಿಗೆ ಮೊದಲು ಗಳಿಸಬೇಕಾದ ಸಾಮಾಜಿಕ ಚಟುವಟಿಕೆಯ ಅಂಕಗಳು ನಾಲ್ಕು ವರ್ಷ ಓದುವವರಿಗೆ 100 ಇದ್ದರೆ, ಎರಡನೇ ವರ್ಷಕ್ಕೆ ನೇರವಾಗಿ ಬಂದವರಿಗೆ 75. ಓದುವ ಅವಧಿಗೆ ತಕ್ಕಂತೆ ಹೊಣೆ ಇಳಿಸಬಹುದೆಂದು ಒಪ್ಪಿದ ಮೇಲೆ, ಕಲಿತ ವಿಷಯಕ್ಕೆ ತಕ್ಕಂತೆಯೂ ಇಳಿಸಬಹುದಲ್ಲ.

ಐಟಿಐ ಏಣಿಯ ತಪ್ಪಿದ ಮೆಟ್ಟಿಲು

ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರೆ ಚಿತ್ರ ಬದಲಾಗುತ್ತದೆ. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಐಟಿಐ ತರಬೇತಿ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರ್‌ಗೆ, ನೇರ ಪ್ರವೇಶದ ಅವಕಾಶವಿದೆ. ಅಲ್ಲಿಂದ ಮತ್ತೆ ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಲೆಕ್ಕ ಹೀಗಾಗುತ್ತದೆ: ಐಟಿಐ ಎರಡು ವರ್ಷ, ಡಿಪ್ಲೊಮಾ ಎರಡು ವರ್ಷ, ಬಿಇ ಮೂರು ವರ್ಷ. ಒಟ್ಟು ಏಳು ವರ್ಷ. ಎರಡು ವರ್ಷದ ತರಬೇತಿಗೆ ಒಂದು ವರ್ಷದ ಬೆಲೆ.

ಪಿಯುಸಿ ವಿಜ್ಞಾನ ಮುಗಿಸಿ, ಆಮೇಲೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವವರದೂ ಇದೇ ಏಳು ವರ್ಷದ ಕಥೆ. ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಬಾರದೆ, ಖಾಸಗಿ ಕಾಲೇಜಿನ ಶುಲ್ಕ ಭರಿಸಲಾಗದೆ, ಪಾಲಿಟೆಕ್ನಿಕ್‌ಗೆ ಹೊರಳುವವರು ಈ ದಾರಿ ಹಿಡಿಯುತ್ತಾರೆ. ಒಂದು ವರ್ಷ ಹೋದರೇನು ಎನ್ನಬಹುದು. ಬಾಡಿಗೆ ಕೋಣೆಯಲ್ಲಿ ಮಗನನ್ನು ಇರಿಸಿ, ತಿಂಗಳು ತಿಂಗಳು ಊರಿನಿಂದ ಹಣ ಕಳಿಸುವ ತಂದೆಗೆ ಒಂದು ವರ್ಷದ ಅರ್ಥವೇ ಬೇರೆ.

ಬಾಗಿಲು ಎಷ್ಟು ಅಗಲ?

ಕ್ರೆಡಿಟ್ ವರ್ಗಾವಣೆಯ ಮಾತು ಬಂದಾಗ ಸೀಟಿನ ಮಾತು ಬಿಡಲಾಗದು. ಎಐಸಿಟಿಇ ನಿಯಮದಂತೆ ಡಿಪ್ಲೊಮಾ ಮೂಲದವರಿಗೆ ಎರಡನೇ ವರ್ಷದಲ್ಲಿ ಮಂಜೂರಾದ ಪ್ರವೇಶ ಮಿತಿಗಿಂತ ಹೆಚ್ಚುವರಿಯಾಗಿ ಶೇ. 10ರಷ್ಟು ಸೀಟುಗಳಿವೆ, ಮೊದಲ ವರ್ಷದಲ್ಲಿ ಖಾಲಿ ಉಳಿದ ಸೀಟುಗಳನ್ನೂ ಇವರಿಂದ ತುಂಬಬಹುದು. 60 ಸೀಟುಗಳ ತರಗತಿಯಲ್ಲಿ ಇದು ಆರು ಸೀಟು. ಬೇಡಿಕೆಯಿರುವ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಮೊದಲ ವರ್ಷದ ಸೀಟು ಖಾಲಿ ಉಳಿಯುವುದಿಲ್ಲವಾದ್ದರಿಂದ ಅಲ್ಲಿ ಆ ಆರೇ ಗತಿ. ಬೇಡಿಕೆಯಿಲ್ಲದ ಕಾಲೇಜಿನಲ್ಲಿ ಖಾಲಿ ಸೀಟುಗಳ ಸಾಲೇ ಇರುತ್ತದೆ. ಹೀಗಾಗಿ ಒಳ್ಳೆಯ ಕಾಲೇಜುಗಳ ಬಾಗಿಲು ಕಿರಿದು, ಉಳಿದವುಗಳ ಬಾಗಿಲು ಅಗಲ. ಕ್ರೆಡಿಟ್ ಕೈಯಲ್ಲಿದ್ದ ಮಾತ್ರಕ್ಕೆ ಅದನ್ನು ಎಲ್ಲಿ ಬೇಕಾದರೂ ನಗದು ಮಾಡಿಕೊಳ್ಳಬಹುದು ಎಂಬ ಭ್ರಮೆ ಬೇಡ. ವರ್ಗಾವಣೆಯ ಹಕ್ಕು ಬೇರೆ, ಪ್ರವೇಶದ ಹಕ್ಕು ಬೇರೆ.

ಸ್ವಾಯತ್ತ ಕಾಲೇಜುಗಳ ವಿಷಯದಲ್ಲಿ ಮತ್ತೊಂದು ತೊಡಕಿದೆ. ಮತ್ತಿಕೆರೆಯ ರಾಮಯ್ಯ ತಾಂತ್ರಿಕ ಮಹಾವಿದ್ಯಾಲಯ 1962ರಲ್ಲಿ ಆರಂಭವಾಗಿ, 2007ರಲ್ಲಿ ಸ್ವಾಯತ್ತತೆ ಪಡೆಯಿತು. ಇಂಥ ಕಾಲೇಜುಗಳು ವಿಟಿಯು ಪದವಿಯನ್ನೇ ಕೊಡಿಸಿದರೂ ಪಠ್ಯಕ್ರಮ ಮತ್ತು ಪರೀಕ್ಷೆ ತಮ್ಮದೇ. ಆದ್ದರಿಂದ ಒಂದೇ ವಿಶ್ವವಿದ್ಯಾಲಯದ ಅಡಿಯಲ್ಲಿಯೇ ಒಂದು ಕಾಲೇಜಿನ ವಿಷಯ ಇನ್ನೊಂದು ಕಾಲೇಜಿನ ಯಾವ ವಿಷಯಕ್ಕೆ ಸಮ ಎಂದು ಪ್ರತಿ ಬಾರಿ ಕೂತು ನೋಡಬೇಕಾಗುತ್ತದೆ. ಕಾಲೇಜು ಬದಲಿಸುವವರು ವ್ಯತ್ಯಾಸದ ವಿಷಯಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಪದವಿ ಕಾಲೇಜುಗಳ ನಡುವೆಯೇ ಹೀಗಿರುವಾಗ, ಪಾಲಿಟೆಕ್ನಿಕ್ ಮತ್ತು ವಿಶ್ವವಿದ್ಯಾಲಯದ ನಡುವಣ ಕಂದಕ ಎಷ್ಟು ದೊಡ್ಡದೆಂದು ಊಹಿಸಬಹುದು.

ಬ್ಯಾಂಕ್ ಇದೆ, ಖಾತೆ ಇದೆ, ಚೆಕ್ ಪಾಸಾಗುವುದೇ?

ಯುಜಿಸಿ 2021ರ ಜುಲೈನಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್‌ನ ನಿಯಮಾವಳಿಯನ್ನು ಅಧಿಸೂಚಿಸಿತು. ವಿದ್ಯಾರ್ಥಿಗೊಂದು ಖಾತೆ, ಆತ ಮಾನ್ಯ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್‌ಗಳು ಅದರಲ್ಲಿ ಜಮಾ, ಗರಿಷ್ಠ ಏಳು ವರ್ಷದವರೆಗೆ ಸಿಂಧು, ಬೇಕಾದಾಗ ಪದವಿಗಾಗಿ ಹಿಂಪಡೆಯುವ ಸೌಲಭ್ಯ ಎಂಬುದು ಇದರ ಸಾರಾಂಶ. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕೆಂಬ ಷರತ್ತೂ ಅದರಲ್ಲಿತ್ತು.

2023ರ ಏಪ್ರಿಲ್‌ನಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಶಾಲೆ, ವೃತ್ತಿ ತರಬೇತಿ, ಉನ್ನತ ಶಿಕ್ಷಣ ಈ ಮೂರನ್ನೂ ಒಂದೇ ಅಳತೆಗೋಲಿಗೆ ತರುವುದು ಅದರ ಉದ್ದೇಶ. 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, ಅಂದರೆ 40 ಕ್ರೆಡಿಟ್. ಹತ್ತನೇ ತರಗತಿ ಮೂರನೇ ಹಂತ, ಹನ್ನೆರಡನೇ ತರಗತಿ ನಾಲ್ಕನೇ ಹಂತ, ಪದವಿಯ ಮೊದಲ ವರ್ಷ ನಾಲ್ಕೂವರೆ ಎಂದು ಹಂತಗಳನ್ನು ಗುರುತಿಸಲಾಯಿತು. 2024-25ನೇ ಸಾಲಿನಲ್ಲಿ ಸಿಬಿಎಸ್ಇ 6, 9 ಮತ್ತು 11ನೇ ತರಗತಿಗಳಲ್ಲಿ ಇದರ ಪ್ರಾಯೋಗಿಕ ಅನುಷ್ಠಾನಕ್ಕೆ ಶಾಲೆಗಳನ್ನು ಆಹ್ವಾನಿಸಿತು.

ಓದುಗರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಾಲೆಯ ಓದಿಗೂ ಕ್ರೆಡಿಟ್ ಸಿಗುತ್ತದೆ ಎಂದ ಮಾತ್ರಕ್ಕೆ ಆ ಕ್ರೆಡಿಟ್ ಪದವಿಗೆ ಜಮಾ ಆಗುತ್ತದೆ ಎಂದಲ್ಲ. ಹಂತ ಎಂಬುದು ಇರುವುದೇ ಅದಕ್ಕೆ. ಹನ್ನೊಂದನೇ ತರಗತಿಯ 40 ಕ್ರೆಡಿಟ್‌ಗೂ ಬಿಎಸ್ಸಿ ಮೊದಲ ವರ್ಷದ 40 ಕ್ರೆಡಿಟ್‌ಗೂ ಸಂಖ್ಯೆ ಒಂದೇ, ತೂಕ ಬೇರೆ. ಪದವಿಗೆ ಎಣಿಕೆಯಾಗಬೇಕಾದರೆ ಓದಿದ ವಿಷಯ ಪದವಿಯ ಹಂತದ್ದಾಗಿರಬೇಕು. ಡಿಪ್ಲೊಮಾದ ಕೊನೆಯ ವರ್ಷಕ್ಕೆ ಬಿಇ ಮೊದಲ ವರ್ಷದ ಬೆಲೆ ಸಿಗುತ್ತಿರುವುದು ಈ ತರ್ಕಕ್ಕೆ ಹೊಂದುತ್ತದೆ. ಹೀಗಾಗಿ ಚೌಕಟ್ಟು ಹೊಸದೇನನ್ನೂ ಕೊಟ್ಟಿಲ್ಲ ಎನ್ನುವುದು ತಪ್ಪು; ಹಳೆಯ ಏರ್ಪಾಡಿಗೆ ಅದು ಭಾಷೆಯೊಂದನ್ನು ಕೊಟ್ಟಿದೆ. ಆ ಭಾಷೆಯಲ್ಲಿ ವಿಷಯವಾರು ಒಪ್ಪಂದ ಬರೆಯುವ ಕೆಲಸ ಬಾಕಿ ಇದೆ.

ಬ್ಯಾಂಕ್ ಎಂಬ ಹೋಲಿಕೆಯೇ ಸ್ವಲ್ಪ ದಾರಿ ತಪ್ಪಿಸುವಂಥದು. ಬ್ಯಾಂಕಿನಲ್ಲಿಟ್ಟ ನೂರು ರೂಪಾಯಿಯನ್ನು ಯಾವ ಅಂಗಡಿಯವನೂ ನಿರಾಕರಿಸುವಂತಿಲ್ಲ. ಕ್ರೆಡಿಟ್ ಹಾಗಲ್ಲ. ಅದನ್ನು ಸ್ವೀಕರಿಸುವುದು, ಬಿಡುವುದು ಎದುರಿನ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗೆ ಸೇರಿದ್ದು. ಖಾತೆಯಲ್ಲಿ ಜಮಾ ಇರುವುದು ಓದಿದ್ದಕ್ಕೆ ಸಾಕ್ಷಿ ಮಾತ್ರ, ಹಕ್ಕುಪತ್ರವಲ್ಲ.

ನೀತಿ ಬದಲಾಯಿತು, ಪ್ರಶ್ನೆ ಉಳಿಯಿತು

ಕರ್ನಾಟಕದಲ್ಲಿ ಈ ಗೊಂದಲಕ್ಕೆ ರಾಜಕೀಯದ ಪದರವೂ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಜಾರಿಗೆ 2021ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ ಮೊದಲ ರಾಜ್ಯವೆನಿಸಿದ ಕರ್ನಾಟಕ, ಸರ್ಕಾರ ಬದಲಾದ ಬಳಿಕ ಹಾದಿ ಬದಲಿಸಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ 2023ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿ ಪದ್ಧತಿಯನ್ನು 2024-25ನೇ ಸಾಲಿನಿಂದ ಮರಳಿ ತರಲಾಯಿತು. ಆಯೋಗ ತನ್ನ ಅಂತಿಮ ವರದಿಯನ್ನು 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ಸಲ್ಲಿಸಿತು.

ಪದವಿ ಮೂರು ವರ್ಷವೋ ನಾಲ್ಕು ವರ್ಷವೋ, ಮಧ್ಯೆ ನಿರ್ಗಮನ ಇರಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಎರಡೂ ಪಕ್ಷಗಳು ದನಿ ಎತ್ತರಿಸಿದವು. ಆದರೆ ಡಿಪ್ಲೊಮಾ, ಐಟಿಐ ಮಕ್ಕಳು ಆ ಚರ್ಚೆಯ ಅಂಚಿನಲ್ಲೇ ಉಳಿದರು. ಅವರದು ವಾಸ್ತವವಾಗಿ ಯಾವ ನೀತಿಗೂ ಮೊದಲೇ ಇದ್ದ ಬಹು ಪ್ರವೇಶ, ಬಹು ನಿರ್ಗಮನದ ದಾರಿ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಹೋಗಿ, ನಾಲ್ಕು ಕಾಸು ಕೂಡಿಸಿ, ಮತ್ತೆ ಬಿಇಗೆ ಬರುವ ಸಂಪ್ರದಾಯ ಬೆಂಗಳೂರಿನ ಕಾರ್ಖಾನೆ ಬಡಾವಣೆಗಳಿಗೆ ಹೊಸತೇನಲ್ಲ. ಹೊಸ ಹೆಸರಿನ ಸುಧಾರಣೆಗಳು ಈ ಹಳೆಯ ದಾರಿಯ ಗುಂಡಿ ಮುಚ್ಚಲಿಲ್ಲ ಎನ್ನುವುದು ವಿಪರ್ಯಾಸ.

ಆಡಳಿತದ ಹಂಚಿಕೆಯೂ ಇದಕ್ಕೆ ಕಾರಣ. ಪಿಯುಸಿ ಒಂದು ಇಲಾಖೆಯದು. ಪಾಲಿಟೆಕ್ನಿಕ್‌ಗಳು ತಾಂತ್ರಿಕ ಶಿಕ್ಷಣ ಇಲಾಖೆಯವು. ಪ್ರವೇಶ ಪರೀಕ್ಷೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದು. ಪದವಿ ವಿಟಿಯುವಿನದು. ಮಾನದಂಡ ದೆಹಲಿಯ ಎಐಸಿಟಿಇಯದು. ಮಗುವಿಗೆ ಐವರು ಪೋಷಕರು. ಸಮತೆಯ ಪಟ್ಟಿ ಬರೆಯುವ ಹೊಣೆ ಮಾತ್ರ ಯಾರೊಬ್ಬರ ಮೇಜಿನ ಮೇಲೂ ಇಲ್ಲ.

ಪಿಯುಸಿ ವಿದ್ಯಾರ್ಥಿಯ ಆನ್‌ಲೈನ್ ಓದು

ಇನ್ನು ಪಿಯುಸಿಯಲ್ಲಿರುವಾಗಲೇ ಪದವಿ ಮಟ್ಟದ ವಿಷಯ ಓದುವ ಜಾಣ ಮಕ್ಕಳ ಸಂಗತಿ. ಐಐಟಿಗಳು ಮತ್ತು ಮತ್ತಿಕೆರೆಗೆ ಕೂಗಳತೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು ಯಾರಿಗಾದರೂ ತೆರೆದಿವೆ. ಆಸಕ್ತಿಯಿದ್ದರೆ ಹದಿನೇಳರ ಹುಡುಗಿಯೂ ಕೂತು ಕಲಿಯಬಹುದು. ಆದರೆ ಆ ಪ್ರಮಾಣಪತ್ರ ಮುಂದೆ ಬಿಇಯಲ್ಲಿ ಕ್ರೆಡಿಟ್ ಆಗುವುದೇ?

ಯುಜಿಸಿಯ ಸ್ವಯಂ ನಿಯಮಾವಳಿ 2016ರಲ್ಲಿ ಆನ್‌ಲೈನ್ ಕ್ರೆಡಿಟ್‌ಗೆ ಶೇ. 20ರ ಮಿತಿ ಇಟ್ಟಿತ್ತು; 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ಆದರೆ ಈ ಏರ್ಪಾಡು ನಿಂತಿರುವುದು ಮಾತೃಸಂಸ್ಥೆ ಎಂಬ ಕಲ್ಪನೆಯ ಮೇಲೆ. ವಿದ್ಯಾರ್ಥಿ ಮೊದಲು ಒಂದು ವಿಶ್ವವಿದ್ಯಾಲಯಕ್ಕೆ ಸೇರಿರಬೇಕು; ಆತ ಓದುವ ಆನ್‌ಲೈನ್ ವಿಷಯವನ್ನು ಆ ಸಂಸ್ಥೆ ಒಪ್ಪಿ, ತನ್ನ ಪಠ್ಯಕ್ರಮದ ಕ್ರೆಡಿಟ್ ಆಗಿ ದಾಖಲಿಸಬೇಕು. ಪಿಯುಸಿ ವಿದ್ಯಾರ್ಥಿಗೆ ಅಂಥ ಮಾತೃಸಂಸ್ಥೆ ಇನ್ನೂ ಇಲ್ಲ. ಆದ್ದರಿಂದ ಕಲಿತದ್ದು ತಲೆಯಲ್ಲಿ ಉಳಿಯುತ್ತದೆ, ಖಾತೆಗೆ ಬರುವುದಿಲ್ಲ. ಪಿಯುಸಿ ಎಂದರೆ ವಿಶ್ವವಿದ್ಯಾಲಯ ಪೂರ್ವ ಶಿಕ್ಷಣ. ಹೆಸರಿನಲ್ಲೇ ವಿಶ್ವವಿದ್ಯಾಲಯ ಇದೆ, ನಂಟು ಮಾತ್ರ ಹೆಸರಿಗಷ್ಟೇ.

2025ರಲ್ಲಿ ಯುಜಿಸಿ ಹೊರಡಿಸಿದ ಪದವಿ ಶಿಕ್ಷಣದ ಕನಿಷ್ಠ ಮಾನದಂಡಗಳ ನಿಯಮಾವಳಿ ಪೂರ್ವ ಕಲಿಕೆಯ ಮಾನ್ಯತೆಯ ಮಾತನ್ನೂ, ಬೇಗ ಮುಗಿಸುವ ಪದವಿಯ ಮಾತನ್ನೂ ಆಡಿದೆ. ಅದನ್ನು ಪ್ರತಿ ವಿಶ್ವವಿದ್ಯಾಲಯ ತನ್ನ ನಿಯಮಗಳಲ್ಲಿ ಹೇಗೆ ಅಳವಡಿಸಿಕೊಳ್ಳುತ್ತದೆ ಎಂಬುದರ ಮೇಲೆ ಫಲ ನಿಂತಿದೆ.

ಸಾಗರದಾಚೆಯ ಪಾಠ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ಊಟದ ಮೇಜಿನ ಮಾತು. ಅಲ್ಲಿ ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜು ಕ್ರೆಡಿಟ್ ಗಳಿಸಲು ಎರಡು ಮುಖ್ಯ ದಾರಿಗಳಿವೆ. ಒಂದು, ಕಾಲೇಜ್ ಬೋರ್ಡ್ ನಡೆಸುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಎಪಿ ಪರೀಕ್ಷೆ. 1ರಿಂದ 5ರವರೆಗೆ ಅಂಕ. ಇನ್ನೊಂದು, ಶಾಲೆಯಲ್ಲಿದ್ದುಕೊಂಡೇ ಹತ್ತಿರದ ಸಮುದಾಯ ಕಾಲೇಜಿನ ತರಗತಿಗೆ ಸೇರುವ ಜೋಡಿ ದಾಖಲಾತಿ. ಮಿನ್ನೆಸೋಟ ರಾಜ್ಯ 1985ರಲ್ಲಿಯೇ ಇದಕ್ಕೆ ಕಾಯಿದೆ ಮಾಡಿತು.

ಅಲ್ಲಿ ಎಲ್ಲವೂ ಸುಗಮ ಎಂದು ಭಾವಿಸಬೇಕಿಲ್ಲ. ಎಪಿಯಲ್ಲಿ 3 ಬಂದರೆ ಒಪ್ಪುವ ವಿಶ್ವವಿದ್ಯಾಲಯಗಳಿವೆ, 5 ಬಂದರಷ್ಟೇ ಒಪ್ಪುವವೂ ಇವೆ, ಕ್ರೆಡಿಟ್ ಕೊಡದೆ ಮೇಲಿನ ತರಗತಿಯಲ್ಲಿ ಕೂರಿಸುವವೂ ಇವೆ. ಜೋಡಿ ದಾಖಲಾತಿಯಲ್ಲಿ ಗಳಿಸಿದ ದರ್ಜೆ ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಹದಿನಾರರಲ್ಲಿ ಎಡವಿದ್ದು ಇಪ್ಪತ್ತೆರಡರಲ್ಲೂ ಬೆನ್ನು ಬಿಡುವುದಿಲ್ಲ. ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೆ ಕೆಲವು ಕ್ರೆಡಿಟ್‌ಗಳು ಐಚ್ಛಿಕದ ಲೆಕ್ಕಕ್ಕೆ ಮಾತ್ರ ಬೀಳುತ್ತವೆ.

ಆದರೆ ಒಂದು ವಿಷಯದಲ್ಲಿ ಅಲ್ಲಿನ ಕೆಲವು ರಾಜ್ಯಗಳಿಂದ ಕಲಿಯಬಹುದು. ಫ್ಲಾರಿಡಾದಲ್ಲಿ ಸಾರ್ವಜನಿಕ ಕಾಲೇಜು, ವಿಶ್ವವಿದ್ಯಾಲಯಗಳಿಗೆಲ್ಲ ಸಾಮಾನ್ಯವಾದ ವಿಷಯ ಸಂಖ್ಯೆಯ ಪದ್ಧತಿ ಇದೆ. ಒಂದು ಕಡೆ ಓದಿದ ವಿಷಯಕ್ಕೂ ಇನ್ನೊಂದು ಕಡೆಯ ವಿಷಯಕ್ಕೂ ಪೂರ್ವಪದ ಮತ್ತು ಸಂಖ್ಯೆಯ ಕೊನೆಯ ಅಂಕಿಗಳು ಒಂದೇ ಆಗಿದ್ದರೆ ಅದನ್ನು ಸಮವೆಂದು ಒಪ್ಪಲೇಬೇಕು. ವಿದ್ಯಾರ್ಥಿ ಕಾಲೇಜಿನಿಂದ ಕಾಲೇಜಿಗೆ ಪಠ್ಯಕ್ರಮದ ಪ್ರತಿ ಹಿಡಿದು ಅಲೆಯಬೇಕಿಲ್ಲ. ಪಟ್ಟಿ ಮೊದಲೇ ಇದೆ, ಎಲ್ಲರ ಕಣ್ಣೆದುರೂ ಇದೆ. ಇದಕ್ಕೆ ಬೇಕಾದದ್ದು ದೊಡ್ಡ ನೀತಿಯಲ್ಲ, ಅಧ್ಯಾಪಕರು ಒಟ್ಟಿಗೆ ಕೂತು ಮಾಡುವ ತಾಳ್ಮೆಯ ಕೆಲಸ.

ಗುಣಮಟ್ಟದ ಭಯ

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಪಾಲಿಟೆಕ್ನಿಕ್‌ಗಳೆಲ್ಲ ಒಂದೇ ಮಟ್ಟದವಲ್ಲ. ಅಂಕಪಟ್ಟಿ ನೋಡಿ ವಿನಾಯಿತಿ ಕೊಟ್ಟರೆ ಪದವಿಯ ಗುಣಮಟ್ಟ ಕುಸಿಯುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. ಉಪಕರಣವಿಲ್ಲದ ಪ್ರಯೋಗಾಲಯ, ಖಾಯಂ ಬೋಧಕರಿಲ್ಲದ ವಿಭಾಗ ರಾಜ್ಯದ ಅನೇಕ ಕಡೆ ಇರುವ ಸತ್ಯ. ಅದಕ್ಕೆ ಮದ್ದು ವಿನಾಯಿತಿಯನ್ನು ನಿರಾಕರಿಸುವುದಲ್ಲ, ಪರೀಕ್ಷೆ ಮಾಡಿ ಕೊಡುವುದು. ಮೂರನೇ ಸೆಮಿಸ್ಟರ್ ಆರಂಭಕ್ಕೆ ಮೊದಲು ಆಯಾ ವಿಷಯದಲ್ಲಿ ಅರ್ಹತಾ ಪರೀಕ್ಷೆ ಇಡಬಹುದು. ಪಾಸಾದವನಿಗೆ ಕ್ರೆಡಿಟ್, ಆಗದವನಿಗೆ ತರಗತಿ. ಇದರಲ್ಲಿ ಯಾರಿಗೂ ರಿಯಾಯಿತಿಯ ಮಾತಿಲ್ಲ.

ಎರಡನೆಯ ಆಕ್ಷೇಪ, ವಿನಾಯಿತಿ ಸಿಕ್ಕ ವಿದ್ಯಾರ್ಥಿ ಆ ಹೊತ್ತನ್ನು ಏನು ಮಾಡಬೇಕು ಎಂಬುದು. ಉತ್ತರ ಎದುರಿಗೇ ಇದೆ: ಗಣಿತ ಕಲಿಯಬೇಕು. ತಿಳಿದದ್ದನ್ನು ಮತ್ತೆ ಓದುವ ಗಂಟೆಗಳನ್ನು ತಿಳಿಯದ್ದನ್ನು ಕಲಿಯುವ ಗಂಟೆಗಳಾಗಿ ಬದಲಿಸಿದರೆ, ಹೆಚ್ಚುವರಿ ಗಣಿತ ಹೊರೆಯಾಗಿ ಉಳಿಯುವುದಿಲ್ಲ. ಅದಕ್ಕೆ ಕ್ರೆಡಿಟ್ ಕೊಟ್ಟರೆ ಇನ್ನೂ ಒಳ್ಳೆಯದು. ಮೂರನೇ ಸೆಮಿಸ್ಟರ್‌ನಲ್ಲಿ ಬ್ಯಾಕ್‌ಲಾಗ್ ಹೊತ್ತು ಆರಂಭವಾಗುವ ಎಷ್ಟೋ ಬಿಇ ಜೀವನಗಳು ಆಗ ಬೇರೆ ರೀತಿಯಲ್ಲಿ ಆರಂಭವಾಗಬಹುದು.

ಆಗಬೇಕಾದದ್ದು

ಸರ್ಕಾರ ಮಾಡಬೇಕಾದ ಕೆಲಸ ಮೂರು. ತಾಂತ್ರಿಕ ಶಿಕ್ಷಣ ಇಲಾಖೆ ಮತ್ತು ವಿಟಿಯು ಸೇರಿ ಪ್ರತಿ ವಿಭಾಗಕ್ಕೂ ವಿಷಯವಾರು ಸಮತೆಯ ಪಟ್ಟಿ ಸಿದ್ಧಪಡಿಸಿ ಪ್ರಕಟಿಸುವುದು. ಸ್ವಾಯತ್ತ ಕಾಲೇಜುಗಳನ್ನೂ ಅದಕ್ಕೆ ಬದ್ಧಗೊಳಿಸುವುದು. ಡಿಸಿಇಟಿ ಫಲಿತಾಂಶ ಮತ್ತು ತರಗತಿ ಆರಂಭದ ನಡುವಣ ವಾರಗಳಲ್ಲಿ ಗಣಿತದ ಸೇತುಬಂಧ ಪಾಠಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ನಡೆಸುವುದು. ಐಟಿಐಯಿಂದ ಬಂದವರಿಗೆ ಅರ್ಹತಾ ಪರೀಕ್ಷೆಯ ಮೂಲಕ ಕಳೆದುಹೋಗುವ ಆ ಒಂದು ವರ್ಷದ ಭಾಗವನ್ನಾದರೂ ಮರಳಿಸುವುದು. ಇವುಗಳಿಗೆ ಹೊಸ ಕಟ್ಟಡ ಬೇಡ, ಹೊಸ ಮಂಡಳಿ ಬೇಡ.

ವಿದ್ಯಾರ್ಥಿಗಳು ಮತ್ತು ಪೋಷಕರು ಮಾಡಬೇಕಾದದ್ದೂ ಇದೆ. ಡಿಪ್ಲೊಮಾದ ಪ್ರತಿ ಸೆಮಿಸ್ಟರ್‌ನ ಪಠ್ಯಕ್ರಮದ ಪ್ರತಿಯನ್ನು ಅಂಕಪಟ್ಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ. ಸಮತೆಯ ಪ್ರಶ್ನೆ ಬಂದಾಗ ಮೊದಲು ಕೇಳುವುದು ಅದನ್ನೇ. ಕ್ರೆಡಿಟ್ ಬ್ಯಾಂಕ್ ಖಾತೆ, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಈ ಮೂರರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್, ಜನ್ಮದಿನಾಂಕ ಒಂದೇ ಇರುವಂತೆ ನೋಡಿಕೊಳ್ಳಿ. ಕಾಲೇಜು ಸೇರುವ ಮುನ್ನ ಯಾವ ವಿಷಯಗಳಿಗೆ ವಿನಾಯಿತಿ, ಯಾವ ಹೆಚ್ಚುವರಿ ವಿಷಯ ಕಡ್ಡಾಯ ಎಂಬುದನ್ನು ಲಿಖಿತವಾಗಿ ಕೇಳಿ. ಪ್ರವೇಶದ ಮೇಜಿನ ಮುಂದೆ ಸಿಗುವ ಬಾಯಿಮಾತಿನ ಭರವಸೆಗೆ ಪರೀಕ್ಷಾ ವಿಭಾಗದಲ್ಲಿ ಬೆಲೆಯಿಲ್ಲ. ವಿದೇಶಕ್ಕೆ ಹೋಗುವ ಯೋಚನೆಯಿದ್ದರೆ, ಆಯಾ ವಿಶ್ವವಿದ್ಯಾಲಯದ ಕ್ರೆಡಿಟ್ ನೀತಿಯನ್ನು ನೋಡಿದ ಮೇಲೆಯೇ ಎಪಿ ಮುಂತಾದ ಪರೀಕ್ಷೆಗಳಿಗೆ ಹಣ ತೆರುವುದು ಜಾಣತನ.

ಮತ್ತಿಕೆರೆಯ ಜೆರಾಕ್ಸ್ ಅಂಗಡಿಯ ಮುಂದಿನ ಸಾಲು ಮುಂದಿನ ವರ್ಷವೂ ನಿಲ್ಲುತ್ತದೆ. ಆ ಸಾಲಿನಲ್ಲಿ ಡಿಪ್ಲೊಮಾ ಮುಗಿಸಿ ನಿಂತವನು ಪಿಯುಸಿ ಮುಗಿಸಿದವನಿಗಿಂತ ಕಡಿಮೆ ಓದಿದವನಲ್ಲ, ಬೇರೆ ಓದಿದವನು. ಆ ಬೇರೆಯದನ್ನು ತೂಗಿ ನೋಡುವ ತಕ್ಕಡಿಯನ್ನು ನಮ್ಮ ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳುವವರೆಗೆ, ಕ್ರೆಡಿಟ್ ಬ್ಯಾಂಕಿನ ಖಾತೆ ಎಷ್ಟು ತುಂಬಿದ್ದರೂ ಅವನ ಪಾಲಿಗೆ ಅದು ಕಾಗದದ ಮೇಲಿನ ಜಮಾ ಅಷ್ಟೇ.